ಅವಳಿಗೆ ಕಾಣುವುದು ನಿಮಗೆ ಕಾಣದು: ಸ್ಥಿರ ಕ್ಯಾಮೆರಾದ ಹಾರರ್ ಗೇಮ್ ಒಳಗಿನಿಂದ

ಇಕ್ಕಟ್ಟಾದ ಕಾರಿಡಾರ್. ಕ್ಯಾಮೆರಾ ಚಾವಣಿಯ ಮೂಲೆಯಿಂದ ಕೆಳಗೆ ನೋಡುತ್ತಿದೆ. ನೀವು ಆಡಿಸುತ್ತಿರುವ ಹುಡುಗಿ ಆ ಕ್ಯಾಮೆರಾದ ಕಡೆಗೇ ನಡೆದು ಬರುತ್ತಿದ್ದಾಳೆ. ಎದುರಿಗೆ ಏನಿದೆ ಎಂಬುದು ಅವಳ ಕಣ್ಣಿಗೆ ಬಿದ್ದಿರಬೇಕು. ನಿಮಗೆ ಮಾತ್ರ ಕಾಣುತ್ತಿಲ್ಲ, ಏಕೆಂದರೆ ಅದಿರುವುದು ಕ್ಯಾಮೆರಾದ ಬೆನ್ನ ಹಿಂದೆ. ಯಾರೋ ಕಾಲೆಳೆದುಕೊಂಡು ಬರುವ ಸದ್ದು ಕೇಳುತ್ತಿದೆ. ಪಿಸ್ತೂಲಿನಲ್ಲಿ ಒಂಬತ್ತು ಗುಂಡು ಉಳಿದಿವೆ. ಇನ್ನೆರಡು ಹೆಜ್ಜೆ ಇಟ್ಟರೆ ದೃಶ್ಯ ಬದಲಾಗಿ ಎಲ್ಲ ಕಾಣುತ್ತದೆ. ಆದರೆ ಆ ಎರಡು ಹೆಜ್ಜೆ ಇಡಬೇಕಲ್ಲ.

ಈ ಬಗೆಯ ಭಯವನ್ನು ಮನೆಮನೆಗೆ ಮುಟ್ಟಿಸಿದ್ದು 1996ರ ಮಾರ್ಚ್‌ನಲ್ಲಿ ಜಪಾನಿನ ಕ್ಯಾಪ್‌ಕಾಮ್ ಪ್ಲೇಸ್ಟೇಷನ್‌ಗೆ ತಂದ ‘ರೆಸಿಡೆಂಟ್ ಈವಿಲ್’. ಜಪಾನಿನಲ್ಲಿ ಅದರ ಹೆಸರು ‘ಬಯೋಹಜಾರ್ಡ್’, ನಿರ್ದೇಶಕ ಶಿಂಜಿ ಮಿಕಾಮಿ. 2005ರಲ್ಲಿ ಅದೇ ಸರಣಿಯ ನಾಲ್ಕನೇ ಭಾಗ ಕ್ಯಾಮೆರಾವನ್ನು ಪಾತ್ರದ ಹೆಗಲ ಹಿಂದಕ್ಕೆ ತಂದಿತು. ಅಲ್ಲಿಂದ ಮುಂದೆ ದೊಡ್ಡ ಕಂಪನಿಗಳು ಸ್ಥಿರ ಕ್ಯಾಮೆರಾವನ್ನು ಬಹುಮಟ್ಟಿಗೆ ಕೈಬಿಟ್ಟವು. ಈಗ ಅದನ್ನು ಮತ್ತೆ ಎತ್ತಿಕೊಂಡಿರುವವರು ಸಣ್ಣ ತಂಡಗಳು. ಚಿಲಿ ದೇಶದ ಡ್ಯುಯಲ್ ಎಫೆಕ್ಟ್ ತಂಡದ ‘ಟಾರ್ಮೆಂಟೆಡ್ ಸೋಲ್ಸ್’ 2021ರಲ್ಲಿ ಬಂತು. ನೋಟಕ್ಕೆ ಬೇರೆಯಾದರೂ ಅದೇ ಕುಲದ ‘ಸಿಗ್ನಾಲಿಸ್’ ಅನ್ನು ಜರ್ಮನಿಯ ಇಬ್ಬರೇ ಸೇರಿ ಕಟ್ಟಿ 2022ರಲ್ಲಿ ಹೊರತಂದರು.

ಹಳೆಯದರಂತೆ ಕಾಣಬೇಕೆಂದು ಹೊರಡುವ ಎಷ್ಟೋ ಗೇಮ್‌ಗಳು ಮಸುಕು ಚಿತ್ರವನ್ನೂ ನಡುಗುವ ಅಂಚುಗಳನ್ನೂ ನಕಲು ಮಾಡಿ ಅಲ್ಲಿಗೇ ನಿಂತುಬಿಡುತ್ತವೆ. ಭಯ ಇರುವುದು ಅಲ್ಲಲ್ಲ. ಆ ಕಾಲದ ಗೇಮ್‌ಗಳಲ್ಲಿ ನಡಿಗೆ, ಗುರಿ, ಗುಂಡಿನ ಲೆಕ್ಕ, ಜೇಬಿನ ಅಳತೆ, ಸೇವ್ ಮಾಡುವ ಕ್ರಮ, ಬಾಗಿಲು ತೆರೆಯುವ ನಿಧಾನ ಎಲ್ಲವೂ ಕ್ಯಾಮೆರಾ ಎಲ್ಲಿ ನಿಂತಿದೆ ಎಂಬ ಒಂದೇ ಗೂಟಕ್ಕೆ ಕಟ್ಟಿದ ಹಗ್ಗಗಳು. ಗೂಟ ಕಿತ್ತರೆ ಹಗ್ಗಗಳಿಗೆ ಅರ್ಥವಿಲ್ಲ.

ಬರೆದ ಪರದೆ, ಮುಂದೆ ನಟರು

ಮೊದಲ ಪ್ಲೇಸ್ಟೇಷನ್‌ನ ಮುಖ್ಯ ಮೆಮೊರಿ 2 ಎಂಬಿ, ಚಿತ್ರಕ್ಕೆಂದು ಮೀಸಲಾದದ್ದು 1 ಎಂಬಿ. ಮರದ ಕೆತ್ತನೆ, ತೂಗುದೀಪ, ಜಮಖಾನೆ ಇರುವ ಬಂಗಲೆಯ ಹಜಾರವನ್ನು ಸೆಕೆಂಡಿಗೆ 30 ಬಾರಿ ಹೊಸದಾಗಿ ಬಿಡಿಸುವ ಶಕ್ತಿ ಅದಕ್ಕಿರಲಿಲ್ಲ. ಆದ್ದರಿಂದ ಹಜಾರವನ್ನು ತಯಾರಕರು ತಮ್ಮ ಕಚೇರಿಯ ಶಕ್ತಿಶಾಲಿ ಕಂಪ್ಯೂಟರಿನಲ್ಲಿ ಮೊದಲೇ ರೆಂಡರ್ ಮಾಡಿ (ಮೂರು ಆಯಾಮದ ಮಾದರಿಯಿಂದ ಚಿತ್ರ ಬಿಡಿಸಿ), ಒಂದೊಂದು ಕ್ಯಾಮೆರಾ ಕೋನಕ್ಕೆ ಒಂದೊಂದು ಸ್ಥಿರಚಿತ್ರ ತೆಗೆದು, ಸಿಡಿಯಲ್ಲಿ ಇಟ್ಟರು. 320×240 ಚುಕ್ಕೆಗಳ ಚಿತ್ರವೊಂದಕ್ಕೆ, ಚುಕ್ಕೆಗೆ 2 ಬೈಟ್‌ನಂತೆ, 150 ಕೆಬಿ ಸಾಕು. ಒತ್ತಿ ಕುಗ್ಗಿಸಿಟ್ಟರೆ ಇನ್ನೂ ಕಡಿಮೆ. ಹೀಗೆ ಉಳಿತಾಯವಾದ ಶಕ್ತಿಯೆಲ್ಲ ಚಲಿಸುವ ಪಾತ್ರಗಳಿಗೆ ಸಿಕ್ಕಿತು.

ಈ ಉಪಾಯಕ್ಕೆ ದಾರಿ ತೋರಿಸಿದ್ದು ಫ್ರಾನ್ಸಿನ ಫ್ರೆಡರಿಕ್ ರೇನಾಲ್. ಇನ್ಫೋಗ್ರಾಮ್ಸ್ ಕಂಪನಿಗಾಗಿ ಅವರು ಮಾಡಿದ 1992ರ ‘ಅಲೋನ್ ಇನ್ ದಿ ಡಾರ್ಕ್’ನಲ್ಲಿ ಕೋಣೆಗಳು ಬರೆದ ಚಿತ್ರಗಳು, ಮನುಷ್ಯರು ಮತ್ತು ಪ್ರಾಣಿಗಳು ಮಾತ್ರ ಬಹುಭುಜಗಳಿಂದ ಕಟ್ಟಿದ ಮೂರು ಆಯಾಮದ ಆಕೃತಿಗಳು. ನಮ್ಮ ಕಂಪನಿ ನಾಟಕ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ: ಹಿಂದೆ ಅರಮನೆ ಬರೆದ ಪರದೆ, ಮುಂದೆ ನಡೆದಾಡುವ ನಟರು.

ಆದರೆ ನಟ ಪರದೆಯಲ್ಲಿ ಬರೆದ ಕಂಬದ ಹಿಂದೆ ಹೋಗಬೇಕಾದರೆ? ಚಿತ್ರಕ್ಕೆ ಆಳವೆಂಬುದು ಇಲ್ಲವಲ್ಲ. ಅದಕ್ಕೆ ಕಂಬದ ಭಾಗವನ್ನಷ್ಟೇ ಚಿತ್ರದಿಂದ ಕತ್ತರಿಸಿ, ಪ್ರತ್ಯೇಕ ತುಂಡಾಗಿ ಇಟ್ಟು, ಅದು ಕ್ಯಾಮೆರಾದಿಂದ ಎಷ್ಟು ದೂರ ಎಂಬ ಸಂಖ್ಯೆಯನ್ನು ಜೊತೆಗೆ ಬರೆಯುತ್ತಾರೆ. ಇದನ್ನು ಮಾಸ್ಕ್ ಎನ್ನುತ್ತಾರೆ. ಪಾತ್ರ ಆ ದೂರವನ್ನು ದಾಟಿ ಹಿಂದಕ್ಕೆ ಹೋದರೆ ಮೊದಲು ಪಾತ್ರ, ಅದರ ಮೇಲೆ ಕಂಬದ ತುಂಡು. ಮುಂದೆ ಬಂದರೆ ಕ್ರಮ ತಿರುಗುಮುರುಗು. ದೂರದ ಸಂಖ್ಯೆ ಸ್ವಲ್ಪ ತಪ್ಪಿದರೂ ಮೇಜಿನ ಮುಂದೆ ನಿಂತವಳ ಸೊಂಟದ ಕೆಳಭಾಗ ಮೇಜಿನೊಳಗೆ ಮಾಯವಾಗುತ್ತದೆ. ಹಳೆಯ ಗೇಮ್‌ಗಳಲ್ಲಿ ಇಂಥ ತಪ್ಪು ಹುಡುಕಿದರೆ ಸಿಗುತ್ತದೆ.

ಇನ್ನು ಆ ಹೆಸರಾಂತ ನಡುಕ. ಪ್ಲೇಸ್ಟೇಷನ್ ತ್ರಿಕೋನದ ಮೂಲೆಗಳನ್ನು ಪರದೆಯ ಇಡೀ ಚುಕ್ಕೆಗಳಿಗೇ ಕೂರಿಸುತ್ತಿತ್ತು, ಚುಕ್ಕೆಯ ಭಿನ್ನಾಂಶದ ಲೆಕ್ಕ ಅದಕ್ಕಿರಲಿಲ್ಲ. ಹಾಗಾಗಿ ನಿಧಾನವಾಗಿ ಕೈ ಎತ್ತಿದರೆ ಅಂಚು ತಟತಟನೆ ಜಿಗಿಯುತ್ತದೆ. ಮೈಮೇಲಿನ ಚಿತ್ತಾರವನ್ನು ಹಾಸುವಾಗ ದೂರ-ಹತ್ತಿರದ ತಿದ್ದುಪಡಿಯೂ ಇಲ್ಲದ್ದರಿಂದ ದೊಡ್ಡ ಗೋಡೆ, ನೆಲಗಳು ಸೊಟ್ಟಗಾಗಿ ಕಾಣುತ್ತವೆ. ಆದರೆ ಸ್ಥಿರ ಹಿನ್ನೆಲೆಯ ಗೇಮ್‌ಗಳಲ್ಲಿ ಗೋಡೆ ನೆಲ ಬರೀ ಚಿತ್ರ, ಅವು ನಡುಗುವುದೇ ಇಲ್ಲ. ನಡುಗುವುದು ಪಾತ್ರಗಳಷ್ಟೇ. ಇಡೀ ಕೋಣೆಯನ್ನೇ ನಡುಗಿಸುವ ಇಂದಿನ ‘ರೆಟ್ರೋ’ ಗೇಮ್‌ಗಳು ನಕಲು ಮಾಡುತ್ತಿರುವುದು ಬೇರೆ ಜಾತಿಯ ಗೇಮನ್ನು. 1999ರ ‘ಸೈಲೆಂಟ್ ಹಿಲ್’ ಆ ಬೇರೆ ದಾರಿ ಹಿಡಿದದ್ದು: ಅಲ್ಲಿ ಊರೆಲ್ಲ ನಿಜವಾದ ಮೂರು ಆಯಾಮ, ದೂರದ್ದನ್ನು ಬಿಡಿಸಲಾಗದ ಕೊರತೆಯನ್ನು ಮಂಜು ಮುಚ್ಚಿತು.

ನೆಲದ ಮೇಲಿನ ಗೆರೆ

ಕೋಣೆಯ ನೆಲದ ಮೇಲೆ ಕಾಣದ ಚತುಷ್ಕೋನಗಳಿರುತ್ತವೆ. ಒಂದೊಂದಕ್ಕೂ ಒಂದು ಸೂಚನೆ: ಈಗ ಇರುವುದು 0ನೇ ಕ್ಯಾಮೆರಾ ಆಗಿದ್ದು, ಪಾತ್ರ ಈ ಚೌಕದೊಳಗೆ ಕಾಲಿಟ್ಟರೆ, 1ನೇ ಕ್ಯಾಮೆರಾಕ್ಕೆ ಹೋಗು. ವಾಪಸು ಬರಲು ಬೇರೆಯದೇ ಚೌಕ. ಈ ‘ಯಾವುದರಿಂದ ಯಾವುದಕ್ಕೆ’ ಎಂಬ ಜೋಡಿ ಮುಖ್ಯ. ಎರಡಕ್ಕೂ ಒಂದೇ ಗೆರೆ ಇಟ್ಟರೆ, ಗೆರೆಯ ಮೇಲೆ ನಿಂತು ಶತ್ರುವಿಗೆ ಗುರಿಯಿಡುವ ಆಟಗಾರನಿಗೆ ದೃಶ್ಯ ಪಟಪಟನೆ ಹಿಂದಕ್ಕೂ ಮುಂದಕ್ಕೂ ಹಾರುತ್ತದೆ. ಹೋಗುವ ಗೆರೆಗೂ ಬರುವ ಗೆರೆಗೂ ಅರ್ಧ ಮೀಟರಿನಷ್ಟು ಅಂತರವಿದ್ದರೆ ಈ ಕಾಟ ನಿಲ್ಲುತ್ತದೆ.

ಕ್ಯಾಮೆರಾ ಬದಲಾದಾಗ ಹುಟ್ಟುವ ದೊಡ್ಡ ತೊಡಕು ದಿಕ್ಕಿನದು. ಪರದೆಯಲ್ಲಿ ಬಲಕ್ಕೆ ಓಡುತ್ತಿದ್ದವಳು ಹೊಸ ಕೋನದಲ್ಲಿ ಎಡಕ್ಕೆ ಓಡುವಂತೆ ಕಂಡರೆ, ಬಲಗುಂಡಿ ಒತ್ತಿ ಹಿಡಿದ ಆಟಗಾರ ಅವಳನ್ನು ತಿಳಿಯದೆಯೇ ಹಿಂದಕ್ಕೆ ಓಡಿಸುತ್ತಾನೆ. ಹಿಂದಕ್ಕೆ ಹೋದರೆ ಹಳೆಯ ಕ್ಯಾಮೆರಾ, ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಇದಕ್ಕೆ ಸಿಕ್ಕ ಮೊದಲ ಪರಿಹಾರವೇ ಟ್ಯಾಂಕ್ ಕಂಟ್ರೋಲ್. ಮೇಲಿನ ಗುಂಡಿ ಎಂದರೆ ಪಾತ್ರದ ಮುಖ ಎತ್ತಲಿದೆಯೋ ಅತ್ತ ನಡಿಗೆ. ಎಡ-ಬಲ ಗುಂಡಿಗಳು ನಿಂತಲ್ಲೇ ತಿರುಗಿಸುತ್ತವೆ. ಕ್ಯಾಮೆರಾ ಎಲ್ಲಿದ್ದರೂ ‘ಮುಂದೆ’ ಎಂಬುದರ ಅರ್ಥ ಬದಲಾಗುವುದಿಲ್ಲ. 1996ರ ಪ್ಲೇಸ್ಟೇಷನ್ ಕಂಟ್ರೋಲರಿನಲ್ಲಿ ಎತ್ತ ಬೇಕಾದರೂ ವಾಲಿಸಬಹುದಾದ ಅನಲಾಗ್ ಕಡ್ಡಿಯೂ ಇರಲಿಲ್ಲ, ನಾಲ್ಕು ಗುಂಡಿಗಳಿಗೆ ಈ ಕ್ರಮ ಸರಿಯಾಗಿ ಹೊಂದಿತು. ಹೊಸಬರಿಗೆ ಮೊದಲ ಅರ್ಧ ಗಂಟೆ ಕೈ ತೊಡರುವುದು ನಿಜ. ಓಡುತ್ತಲೇ ತಿರುಗುವುದನ್ನು ಬೆರಳು ಕಲಿತ ಮೇಲೆ ಇಕ್ಕಟ್ಟಿನಲ್ಲಿ ಶತ್ರುವಿನ ಪಕ್ಕದಿಂದ ನುಸುಳಲು ಇದಕ್ಕಿಂತ ನಂಬಿಕೆಯ ಕ್ರಮ ಇನ್ನೊಂದಿಲ್ಲ. ಒಂದೇ ಒತ್ತಿಗೆ 180 ಡಿಗ್ರಿ ತಿರುಗುವ ಸೌಲಭ್ಯ ‘ರೆಸಿಡೆಂಟ್ ಈವಿಲ್’ನ 1999ರ ಮೂರನೇ ಭಾಗದಲ್ಲಿ ಬಂತು, ಈಗ ಅದಿಲ್ಲದೆ ಗೇಮ್ ಮಾಡಬಾರದು.

ಅನಲಾಗ್ ಕಡ್ಡಿಯಲ್ಲಿ ಪರದೆಯ ದಿಕ್ಕಿಗೇ ಓಡಿಸುವ ಆಧುನಿಕ ಕ್ರಮ ಬೇಕೆಂದರೆ ಒಂದು ನಿಯಮ ಸೇರಿಸಬೇಕು. ದೃಶ್ಯ ಬದಲಾದರೂ, ಆಟಗಾರ ಕಡ್ಡಿಯನ್ನು ಬಿಡುವವರೆಗೆ ಅಥವಾ ಅದನ್ನು ಸುಮಾರು 40 ಡಿಗ್ರಿಗಿಂತ ಹೆಚ್ಚು ಹೊರಳಿಸುವವರೆಗೆ, ಹಳೆಯ ಕ್ಯಾಮೆರಾದ ದಿಕ್ಕುಗಳನ್ನೇ ಉಳಿಸಿಕೊಳ್ಳಬೇಕು. ‘ಟಾರ್ಮೆಂಟೆಡ್ ಸೋಲ್ಸ್’ ಎರಡೂ ಕ್ರಮಗಳನ್ನು ಒಟ್ಟಿಗೆ ಕೊಟ್ಟಿದೆ: ಕಡ್ಡಿಯಲ್ಲಿ ಆಧುನಿಕ ನಡಿಗೆ, ದಿಕ್ಕಿನ ಗುಂಡಿಗಳಲ್ಲಿ ಟ್ಯಾಂಕ್ ನಡಿಗೆ. ಸೆಟ್ಟಿಂಗಿಗೆ ಹೋಗದೆ ಆಟದ ಮಧ್ಯೆಯೇ ಬೆರಳು ಬದಲಿಸಬಹುದು. ಓಡಾಟಕ್ಕೆ ಕಡ್ಡಿ, ಹೊಡೆದಾಟಕ್ಕೆ ಗುಂಡಿ ಎಂದು ರೂಢಿ ಮಾಡಿಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ.

ಗುಂಡು, ಜೇಬು, ಬಾಗಿಲು

ದೂರದ ಕ್ಯಾಮೆರಾದಿಂದ ತಲೆಗೋ ಕಾಲಿಗೋ ಕರಾರುವಾಕ್ಕಾಗಿ ಗುರಿಯಿಡುವುದು ಸಾಧ್ಯವಿಲ್ಲ. ಹಾಗಾಗಿ ಗುರಿಗೆ ಮೂರೇ ಎತ್ತರ: ಮೇಲೆ, ನೇರ, ಕೆಳಗೆ. ಗುರಿ ಸುಲಭವಾದ ಮೇಲೆ ಕಷ್ಟ ಎಲ್ಲಿಂದ ಬರಬೇಕು? ಹೊಡೆಯಬೇಕೇ ಬೇಡವೇ ಎಂಬ ತೀರ್ಮಾನದಿಂದ. ಮೊದಲ ‘ರೆಸಿಡೆಂಟ್ ಈವಿಲ್’ನಲ್ಲಿ ಪಿಸ್ತೂಲಿಗೆ 15 ಗುಂಡು. ಅಷ್ಟರಲ್ಲಿ ಬೀಳುವುದು ಎರಡೋ ಮೂರೋ ಜೊಂಬಿ. ಎದುರಾದವರನ್ನೆಲ್ಲ ಹೊಡೆಯುತ್ತ ಹೋದರೆ ಮುಂದೆ ಬರಿಗೈ. ಅನುಭವಿಗಳು ಹೊಡೆಯುವುದು ದಿನವೂ ಓಡಾಡುವ ದಾರಿಯ ಜೊಂಬಿಯನ್ನು ಮಾತ್ರ. ಒಂದೇ ಬಾರಿ ಹೋಗಿಬರುವ ಕೋಣೆಯವನನ್ನು ಸುತ್ತಿ ದಾಟುತ್ತಾರೆ.

ಆ ಗೇಮ್‌ನಲ್ಲಿ ಆಡಲು ಆರಿಸಿಕೊಳ್ಳಬಹುದಾದ ಪಾತ್ರಗಳು ಎರಡು: ಸಾಮಾನು ಹೊರುವ ಜಾಗ ಜಿಲ್‌ಗೆ 8, ಕ್ರಿಸ್‌ಗೆ 6. ಪಿಸ್ತೂಲು ಒಂದು, ಗುಂಡು ಒಂದು, ಗಿಡಮೂಲಿಕೆ ಒಂದು ಎಂದು ಎಣಿಸಿದರೆ ಕ್ರಿಸ್‌ಗೆ ಬೀಗದ ಕೈಗೂ ಒಗಟಿನ ತುಣುಕಿಗೂ ಸೇರಿ ಮೂರೇ ಜಾಗ ಉಳಿಯುತ್ತದೆ. ಮೂಲಿಕೆಯಲ್ಲೂ ಇದೇ ಲೆಕ್ಕ: ಕೆಂಪು ಮೂಲಿಕೆ ಒಂಟಿಯಾಗಿ ಏನೂ ಮಾಡದು, ಹಸಿರಿನೊಡನೆ ಬೆರೆಸಿದರೆ ಪೂರ್ತಿ ಆರೋಗ್ಯ. ಬೆರೆಸಿದ್ದಕ್ಕೆ ಒಂದೇ ಜಾಗ ಸಾಕು, ಆದ್ದರಿಂದ ಸಿಕ್ಕಕೂಡಲೇ ಬೆರೆಸಿಡುವುದು ಲಾಭ. ಸೇವ್ ಮಾಡಲು ಟೈಪ್‌ರೈಟರ್ ಬೇಕು, ಅದಕ್ಕೆ ಎಣಿಸಿಕೊಟ್ಟ ಇಂಕ್ ರಿಬ್ಬನ್ ಬೇಕು. ರಿಬ್ಬನ್ ಉಳಿಸಲು ಹೋಗಿ ಮುಕ್ಕಾಲು ಗಂಟೆಯ ಆಟ ಕಳೆದುಕೊಳ್ಳುವ ಭಯವೇ ಜೊಂಬಿಗಿಂತ ದೊಡ್ಡದು.

ಬಾಗಿಲು ತೆರೆಯುವ ಆ ಉದ್ದದ ದೃಶ್ಯವನ್ನು ಕಪ್ಪು ಪರದೆಯಲ್ಲಿ ತೋರಿಸುತ್ತಿದ್ದುದು ಸಿಡಿಯಿಂದ ಮುಂದಿನ ಕೋಣೆಯನ್ನು ಓದಿಕೊಳ್ಳುವ ಸಮಯ ಮುಚ್ಚಲು. ಅದರ ಮೂಲ ಕ್ಯಾಪ್‌ಕಾಮ್‌ನದೇ 1989ರ ‘ಸ್ವೀಟ್ ಹೋಮ್’ನಲ್ಲಿದೆ. ಇಂದಿನ ಎಸ್‌ಎಸ್‌ಡಿಗೆ ಆ ಸಮಯ ಬೇಕಿಲ್ಲ. ಆದರೂ ಬಾಗಿಲ ದೃಶ್ಯವನ್ನು ಕಿತ್ತುಹಾಕುವ ಮುನ್ನ ಯೋಚಿಸಬೇಕು. ಕೋಣೆಯಿಂದ ಕೋಣೆಗೆ ಹೋಗುವಾಗ ಆಟಗಾರ ಉಸಿರು ಹಿಡಿಯುವ ಜಾಗ ಅದು. ಮೊದಲ ‘ರೆಸಿಡೆಂಟ್ ಈವಿಲ್’ನಲ್ಲಿ ಬಾಗಿಲು ಮುಚ್ಚಿದರೆ ಬಹುಮಟ್ಟಿಗೆ ಸುರಕ್ಷಿತ. ಆ ನಂಬಿಕೆ ಗಟ್ಟಿಯಾದ ಮೇಲೆ ಗೇಮ್‌ಕ್ಯೂಬ್ ಯಂತ್ರಕ್ಕೆ ಬಂದ ಅದರ 2002ರ ಮರುನಿರ್ಮಾಣ ಕೆಲವು ಜೊಂಬಿಗಳ ಕೈಯಲ್ಲಿ ಬಾಗಿಲು ತೆರೆಸಿತು. ಅಷ್ಟೇ ಅಲ್ಲ, ತಲೆ ಒಡೆಯದೆ ಅಥವಾ ಸುಡದೆ ಬಿಟ್ಟ ಹೆಣ ‘ಕ್ರಿಮ್ಸನ್ ಹೆಡ್’ ಆಗಿ ಎದ್ದು ಓಡಿಬರುವಂತೆ ಮಾಡಿತು. ಸುಡಲು ಸೀಮೆಎಣ್ಣೆಯ ಡಬ್ಬಿ ಹೊರಬೇಕು, ಅದೂ ಒಂದು ಜಾಗ ತಿನ್ನುತ್ತದೆ. ಯಾವ ಹೆಣವನ್ನು ಸುಡಬೇಕು ಎಂಬುದೇ ಹೊಸ ಲೆಕ್ಕವಾಯಿತು. ಈ ಪ್ರಕಾರದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಒಂದು ಯೋಚನೆ ಇನ್ನೂ ಬಂದಿಲ್ಲ. ‘ಸಿಗ್ನಾಲಿಸ್’ ಅದನ್ನೇ ಮುಂದುವರಿಸಿ 6 ಜಾಗದ ಚೀಲದೊಂದಿಗೆ ಕಟ್ಟಿದೆ.

‘ಟಾರ್ಮೆಂಟೆಡ್ ಸೋಲ್ಸ್’ ಚೀಲದ ಮಿತಿಯನ್ನು ತೆಗೆದುಹಾಕಿತು. ಸೇವ್‌ಗೆ ಟೇಪ್ ರೆಕಾರ್ಡರ್ ಮತ್ತು ಎಣಿಸಿದ ಟೇಪ್‌ಗಳನ್ನು ಉಳಿಸಿಕೊಂಡಿತು. ಬಿಟ್ಟ ಒತ್ತಡವನ್ನು ಬೆಳಕಿನಿಂದ ತುಂಬಿಸಿತು. ಅದರ ನಾಯಕಿ ಕ್ಯಾರೊಲಿನ್ ಕತ್ತಲಲ್ಲಿ ಕೆಲ ಸೆಕೆಂಡು ನಿಂತರೆ ಸಾಯುತ್ತಾಳೆ. ಲೈಟರ್ ಹಿಡಿದರೆ ಬದುಕುತ್ತಾಳೆ, ಆದರೆ ಲೈಟರ್ ಹಿಡಿದ ಕೈಗೆ ಆಯುಧ ಬರುವುದಿಲ್ಲ. ಹಾಗಾಗಿ ಕೋಣೆಗೆ ಹೊಕ್ಕ ಕೂಡಲೇ ಹುಡುಕಬೇಕಾದದ್ದು ಶತ್ರುವನ್ನಲ್ಲ, ಮೇಣದ ಬತ್ತಿಯ ಕಂಬವನ್ನು. ಅದನ್ನು ಹೊತ್ತಿಸಿ, ಆ ಬೆಳಕಿಗೆ ಶತ್ರುವನ್ನು ಎಳೆತಂದು ಹೊಡೆಯಬೇಕು. ಕ್ಯಾಮೆರಾ ಎಷ್ಟು ತೋರಿಸುತ್ತದೆ ಎಂಬ ಹಳೆಯ ಪ್ರಶ್ನೆಗೆ ಬೆಳಕು ಎಷ್ಟು ತೋರಿಸುತ್ತದೆ ಎಂಬ ಇನ್ನೊಂದು ಪದರ ಸೇರಿತು.

ಈಗ ಕಟ್ಟುವುದಾದರೆ

ಗೇಮ್ ಕಟ್ಟುವ ತಂತ್ರಾಂಶಗಳಾದ ಯೂನಿಟಿಯಲ್ಲಾಗಲಿ ಗೋಡಾಟ್‌ನಲ್ಲಾಗಲಿ, ಮೂರು ಆಯಾಮದ ಚಿತ್ರ ತಯಾರಿಸುವ ಬ್ಲೆಂಡರ್‌ನಲ್ಲಿ ರೆಂಡರ್ ಮಾಡಿದ ಚಿತ್ರ ಹಿಂದಿಟ್ಟು ಮುಂದೆ ಪಾತ್ರ ನಡೆಸುವುದು ಇಂದು ಒಬ್ಬರ ಕೈಯಲ್ಲಿ ಆಗುವ ಕೆಲಸ. ಎಲ್ಲರೂ ಮೊದಲು ಎಡವುವುದು ಲೆನ್ಸಿನ ಕೋನದಲ್ಲಿ, ಅಂದರೆ ಕ್ಯಾಮೆರಾ ಎಷ್ಟು ಅಗಲ ನೋಡುತ್ತದೆ ಎಂಬುದರಲ್ಲಿ. ಅಗಲ ಚಿತ್ರಕ್ಕೆ ಬ್ಲೆಂಡರ್ ಮಾಮೂಲಾಗಿ ಅಡ್ಡ ಕೋನ ತೋರಿಸುತ್ತದೆ, ಗೋಡಾಟ್ ಮತ್ತು ಯೂನಿಟಿ ಲಂಬ ಕೋನ ಕೇಳುತ್ತವೆ. ಲಂಬ 45 ಡಿಗ್ರಿ ಎಂದರೆ 16:9 ಚಿತ್ರದಲ್ಲಿ ಅಡ್ಡಕ್ಕೆ ಸುಮಾರು 72.7 ಡಿಗ್ರಿ, 4:3ರಲ್ಲಿ 57.8. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ತುಂಬಿದರೆ ಪಾತ್ರ ನೆಲದಿಂದ ಜಾರಿ ತೇಲಿದಂತೆ ಕಾಣುತ್ತದೆ, ಚಿತ್ರದ ನಡುವಿನಿಂದ ಅಂಚಿನ ಕಡೆಗೆ ಹೋದಷ್ಟೂ ತಪ್ಪು ಹೆಚ್ಚುತ್ತದೆ. ಪರೀಕ್ಷೆ ಸುಲಭ: ಎರಡೂ ಕಡೆ ಒಂದೇ ಜಾಗದಲ್ಲಿ 1 ಮೀಟರಿನ ಘನವೊಂದನ್ನು ಹತ್ತಿರ, ಇನ್ನೊಂದನ್ನು ದೂರ ಇಡಿ. ಎರಡೂ ಅಂಚಿಗೆ ಅಂಚು ಕೂಡಿದರೆ ಕೋನ ಸರಿ.

ಮಾಸ್ಕ್‌ಗೆ ಬದಲು ಈಗ ಕಂಬ, ಮೇಜು, ಕಟಾಂಜನದ ಸರಳ ಆಕೃತಿಗಳನ್ನು ಕಾಣದಂತೆ ಇಟ್ಟು, ಆಳವನ್ನು (ಕ್ಯಾಮೆರಾದಿಂದ ಅವುಗಳ ದೂರವನ್ನು) ಮಾತ್ರ ಬರೆಯಿಸಬಹುದು. ಬ್ಲೆಂಡರಿನಿಂದಲೇ ಆಳದ ಚಿತ್ರ ತೆಗೆಯುವುದಾದರೆ 8 ಬಿಟ್ ಪಿಎನ್‌ಜಿ ಬಳಸಬೇಡಿ. 10 ಮೀಟರಿನ ಕೋಣೆಯನ್ನು 256 ಮೆಟ್ಟಿಲಿಗೆ ಹಂಚಿದರೆ ಒಂದು ಮೆಟ್ಟಿಲು ಸುಮಾರು 4 ಸೆಂ.ಮೀ., ಪಾದಗಳು ನೆಲದಲ್ಲಿ ಹೂತು ಮೇಲೇಳುತ್ತವೆ. ಹೆಚ್ಚು ಸೂಕ್ಷ್ಮ ಸಂಖ್ಯೆ ಹಿಡಿಯುವ 32 ಬಿಟ್‌ನ ಇಎಕ್ಸ್‌ಆರ್ ಫೈಲ್ ಬೇಕು. ಪಾತ್ರದ ಕಾಲಡಿ ನೆರಳು ಬೀಳಲೇಬೇಕು, ಒಂದು ಮಬ್ಬು ದುಂಡು ಕಲೆಯಾದರೂ ಸಾಕು. ಅದಿಲ್ಲದಿದ್ದರೆ ಎಷ್ಟು ಚೆಂದದ ಚಿತ್ರವೂ ಅಂಟಿಸಿದ ಕಾಗದ.

ಕ್ಯಾಮೆರಾ ಬದಲಿಸುವ ಗೆರೆಯನ್ನು ತೆಳ್ಳಗಿನ ಟ್ರಿಗರ್‌ನಿಂದ (ಪಾತ್ರ ಮುಟ್ಟಿದೊಡನೆ ಸೂಚನೆ ಕೊಡುವ ಕಾಣದ ಪೆಟ್ಟಿಗೆಯಿಂದ) ಮಾಡಿದರೆ ಕೆಲವೊಮ್ಮೆ ಅದು ಕೆಲಸವೇ ಮಾಡುವುದಿಲ್ಲ. ಸೆಕೆಂಡಿಗೆ 4 ಮೀಟರ್ ಓಡುವ ಪಾತ್ರ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬಿಡಿಸುವ ಆಟದಲ್ಲಿ ಫ್ರೇಮಿಗೆ 6.7 ಸೆಂ.ಮೀ. ಚಲಿಸುತ್ತದೆ, ಅದಕ್ಕಿಂತ ತೆಳುವಾದುದನ್ನು ಹಾರಿ ದಾಟಿಬಿಡಬಹುದು. ಪ್ರತಿ ಫ್ರೇಮಿನಲ್ಲೂ ಪಾತ್ರ ಯಾವ ಚೌಕದೊಳಗಿದೆ ಎಂದು ಸ್ಥಾನ ನೋಡಿ ತೀರ್ಮಾನಿಸುವುದೇ ಗಟ್ಟಿ ವಿಧಾನ. ಶತ್ರು ಹಿಡಿದುಕೊಂಡಿರುವಾಗ, ಪಾತ್ರ ಗುಂಡು ಹಾರಿಸುವಾಗ ಬದಲಾವಣೆಯನ್ನು ತಡೆಹಿಡಿಯಿರಿ.

ಸದ್ದಿನ ಕಿವಿ, ಅಂದರೆ ಗೇಮ್ ಸದ್ದನ್ನು ಕೇಳಿಸಿಕೊಳ್ಳುವ ಜಾಗ, ಎಲ್ಲಿರಬೇಕು ಎಂಬುದಕ್ಕೆ ಬಹಳ ಮಂದಿ ಗಮನ ಕೊಡುವುದಿಲ್ಲ, ಈ ಪ್ರಕಾರದಲ್ಲಿ ಅದೇ ಅರ್ಧ ಭಯ. ಕಿವಿಯನ್ನು ಕ್ಯಾಮೆರಾಕ್ಕೆ ಅಂಟಿಸಿದರೆ ದೃಶ್ಯ ಬದಲಾದೊಡನೆ ಶತ್ರುವಿನ ಹೆಜ್ಜೆ ಸದ್ದು ಒಮ್ಮೆಲೇ ಏರುತ್ತದೆ ಅಥವಾ ಇಳಿಯುತ್ತದೆ. ಪಾತ್ರಕ್ಕೆ ಅಂಟಿಸಿದರೆ, ಅವಳು ನಮ್ಮೆಡೆ ಮುಖ ಮಾಡಿದಾಗ ಪರದೆಯ ಎಡದ ಸದ್ದು ಬಲಗಿವಿಗೆ ಬರುತ್ತದೆ. ಸ್ಥಾನವನ್ನು ಪಾತ್ರದಿಂದ, ದಿಕ್ಕನ್ನು ಕ್ಯಾಮೆರಾದಿಂದ ತೆಗೆದುಕೊಂಡರೆ ಎರಡೂ ಸರಿಹೋಗುತ್ತವೆ. ಬದಲಾವಣೆಯ ಹೊತ್ತಿಗೆ ದಿಕ್ಕನ್ನು ಸುಮಾರು 0.2 ಸೆಕೆಂಡಿನಲ್ಲಿ ಹೊರಳಿಸಿದರೆ ಕಿವಿಗೆ ಚುಚ್ಚುವುದಿಲ್ಲ.

ಹಳೆಯ ಮಸುಕು ಬೇಕೆಂದು 240 ಸಾಲಿನಲ್ಲಿ ರೆಂಡರ್ ಮಾಡಿದರೆ, 1080 ಸಾಲಿನ ಪರದೆಗೆ ಅದು 4.5 ಪಟ್ಟು. ಅರ್ಧ ಚುಕ್ಕೆ ಇಲ್ಲವಾದ್ದರಿಂದ ಕೆಲವು ಸಾಲು ದಪ್ಪ, ಕೆಲವು ತೆಳು. 480×270 ಇಟ್ಟುಕೊಂಡರೆ ಸರಿಯಾಗಿ 4 ಪಟ್ಟು. ಅಕ್ಷರಗಳನ್ನು ಮಾತ್ರ ಪರದೆಯ ಪೂರ್ತಿ ಗಾತ್ರದಲ್ಲೇ ಬಿಡಿಸಿ. ಡೈರಿ, ಕಾಗದಪತ್ರಗಳನ್ನು ಓದುವುದು ಈ ಗೇಮ್‌ಗಳ ಜೀವ. ಕನ್ನಡದಲ್ಲಿ ಮಾಡುವವರಿಗಂತೂ ಇದು ಕಡ್ಡಾಯ: ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲಿಗೆ ಹೆಚ್ಚು ಎತ್ತರ ಬೇಕು, 270 ಸಾಲಿನಲ್ಲಿ ‘ಕ್ಷ್ಮ’ ಬರೀ ಕಲೆಯಾಗುತ್ತದೆ. ಗೋಡಾಟ್ 4 ಒತ್ತು, ಗುಣಿತಗಳನ್ನು ಸರಿಯಾಗಿ ಜೋಡಿಸುತ್ತದೆ. ಯೂನಿಟಿಯಲ್ಲಿ ಅಕ್ಷರ ಬಿಡಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಅಕ್ಷರ ಒಡೆಯುತ್ತಿದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಿ.

ಚಿತ್ರಗಳ ಭಾರವೂ ಸಣ್ಣದಲ್ಲ. 1920×1080ರ ಒಂದು ಹಿನ್ನೆಲೆ, ಕುಗ್ಗಿಸದಿದ್ದರೆ, ಮೆಮೊರಿಯಲ್ಲಿ 8.3 ಎಂಬಿ. 200 ಕ್ಯಾಮೆರಾಗಳ ಗೇಮ್ ಎಂದರೆ 1.6 ಜಿಬಿಗೂ ಹೆಚ್ಚು. ಆಟಗಾರ ಇರುವ ಕೋಣೆಯ ನಾಲ್ಕೈದನ್ನು ಮಾತ್ರ ಏರಿಸಿ, ಬಾಗಿಲ ದೃಶ್ಯ ನಡೆಯುವಾಗ ಮುಂದಿನ ಕೋಣೆಯವನ್ನು ತರಿಸಿದರೆ ಸಾಕು. ಹಳೆಯ ಉಪಾಯ ಮತ್ತೆ ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲಕ್ಕಿಂತ ಮೊದಲು ಕೋಣೆಯನ್ನು ಬರೀ ಬೂದು ಪೆಟ್ಟಿಗೆಗಳಿಂದ ಕಟ್ಟಿ ಆಡಿನೋಡಿ. ಮರ, ಬಣ್ಣ, ದೀಪ ಏನೂ ಬೇಡ. ಗೇಮ್ ಬಗ್ಗೆ ಗೊತ್ತಿಲ್ಲದ ಒಬ್ಬರ ಕೈಗೆ ಕಂಟ್ರೋಲರ್ ಕೊಟ್ಟು, ಪಕ್ಕದಲ್ಲಿ ಕೂತು, ಅವರು ಎಲ್ಲೆಲ್ಲಿ ನಿಂತರು ಎಂದು ನೆಲನಕ್ಷೆಯ ಮೇಲೆ ಗುರುತು ಹಾಕಿ. ‘ಈಗ ನಾನೆಲ್ಲಿದ್ದೇನೆ?’ ಎಂದು ಕೇಳಿ ನಿಂತ ಕಡೆ ಕ್ಯಾಮೆರಾ ತಪ್ಪು ಜಾಗದಲ್ಲಿದೆ, ಸರಿಸಿ. ಮೂಲೆಯ ಆಚೆ ಏನಿದೆಯೋ ಎಂದು ನಿಂತ ಕಡೆ ಕ್ಯಾಮೆರಾ ಸರಿಯಾಗಿದೆ, ಅಲ್ಲಿ ಶತ್ರು ಇಲ್ಲದಿದ್ದರೂ ಆಗುತ್ತದೆ. ಎರಡು ಗುರುತಿಗೂ ಬೇರೆ ಬೇರೆ ಬಣ್ಣದ ಪೆನ್ನು ಇಟ್ಟುಕೊಳ್ಳಿ, ಮೊದಲ ಬಣ್ಣ ನಕ್ಷೆಯಿಂದ ಪೂರ್ತಿ ಹೋದ ಮೇಲೆ ರೆಂಡರ್ ಗುಂಡಿ ಒತ್ತಿ.